ಒಂದು ಪಿಂಟ್ ಮಜ್ಜಿಗೆ

ಕುಲಗೋಡದಲ್ಲಿ ಪಬ್ ತೆರೆಯುವುದು ಕಷ್ಟವಲ್ಲ ಎಂದು ನಾನು ನಂಬಿದ್ದೆ. ಒಂದು ಮೇಜು, ನಾಲ್ಕು ಕುರ್ಚಿ, ಕುಡಿಯಲು ಏನಾದರೂ, ಮತ್ತು ಪದ್ಧತಿ ಬಲ್ಲ ಒಬ್ಬ ಮನುಷ್ಯ. ಆ ಮನುಷ್ಯ ನಾನೇ ಇದ್ದೆ. ಪಬ್ಬಿನ ಬಾಗಿಲು ಸಹ ಕಂಡವನಲ್ಲ, ಕೊರಳಲ್ಲಿ ತುಳಸಿ ಮಾಲೆ ಬೇರೆ, ಹೆಂಡ ಮುಟ್ಟುವಂತಿಲ್ಲ. ಅದೆಲ್ಲ ಸಣ್ಣ ಅಡ್ಡಿ ಎನಿಸಿತ್ತು.

ಪದ್ಧತಿ ಹೇಳಿಕೊಟ್ಟವನು ನಮ್ಮಣ್ಣ ಸಿದ್ದಪ್ಪ. ಇಂಗ್ಲೆಂಡಿನ ಲೀಡ್ಸ್ ಎಂಬ ಊರಿನ ಹೋಟೆಲಿನಲ್ಲಿ ಅಡಿಗೆಯವನಾಗಿದ್ದ. ಕೆಲಸ ಮುಗಿದ ಮೇಲೆ ಬಾಜೂಕಿನ ಪಬ್ಬಿನಲ್ಲಿ ಕೂರುವುದು, ರವಿವಾರ ನನಗೆ ಫೋನ್ ಮಾಡಿ ಅಲ್ಲಿಯ ವರದಿ ಒಪ್ಪಿಸುವುದು ಅವನ ರೂಢಿ. ಪಿಂಟ್ ಅಂದರೆ ದೊಡ್ಡ ಗ್ಲಾಸು, ಹಾಫ್ ಅಂದರೆ ಅದರ ಅರ್ಧ. ಬೀರಿಗೆ ಲಿಂಬು ಸೋಡಾ ಬೆರೆಸಿದರೆ ಶ್ಯಾಂಡಿ. ಕಹಿ ಬೀರಿನ ಹೆಸರು ಬಿಟರ್.

"ರಾಮ್ಯಾ, ಇಲ್ಲಿ ಯಾರೂ ನಿನ್ನ ಹತ್ರ ಬರೂದಿಲ್ಲ. ನೀನ ಎದ್ದು ಹೋಗಿ ಕೇಳಬೇಕ," ಎನ್ನುತ್ತಿದ್ದ. "ಬ್ಯಾಡ ಅಂದ್ರ ಬ್ಯಾಡ ಅಂತನ ತಿಳೀತಾರ. ಎರಡನೇ ಸಲ ಕೇಳೂ ಮಂದಿ ಅಲ್ಲ."

ಹೋದ ವರ್ಷ ಅಣ್ಣ ಅಲ್ಲೇ ತೀರಿಕೊಂಡ. ರವಿವಾರ ಫೋನು ಸುಮ್ಮನೆ ಕೂತಿರುವುದನ್ನು ನೋಡಲಾರದೆ ನಾನು ಆ ಹೊತ್ತಿಗೆ ಹೊಲಕ್ಕೆ ಹೋಗಿಬಿಡುತ್ತಿದ್ದೆ.

ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಿದ್ದವನು ಪೀಟರ್ ಎಂಬ ಮುದುಕ, ಅದೇ ಪಬ್ಬಿನ ಜೊತೆಗಾರ. ಈಗ ಆ ಪೀಟರ್ ನಮ್ಮ ಮನೆಗೆ ಬರುವವನಿದ್ದ. ಅಣ್ಣ ಕೊನೆಗೆ ಹೇಗಿದ್ದ ಎಂದು ಹೇಳಬಲ್ಲವನು ಅವನೊಬ್ಬನೇ. ಅವನಿಗೆ ನಮ್ಮ ಮನೆ ಪರಕೀಯ ಅನಿಸಬಾರದು, ಮಾತು ತಾನಾಗಿ ಬರಬೇಕು. ಅದಕ್ಕೇ ಪಬ್ಬು.

"ಒಂದ ಚರಿಗಿ ಮಜ್ಜಿಗಿ ಕೈಯಾಗ ಕೊಟ್ರ ಆತಲ್ರಿ," ಎಂದಳು ಹೆಂಡತಿ ಮಾಲವ್ವ.

"ನಿನಗ ಪದ್ಧತಿ ಗೊತ್ತಿಲ್ಲ," ಎಂದು ಹೇಳಿ, ಪಬ್ಬಿನ ಆಡಳಿತದಲ್ಲಿ ಅವಳಿಗೆ ಮಜ್ಜಿಗೆ ಕಡೆಯುವ ಖಾತೆ ಕೊಟ್ಟೆ.

ಮೂಡಲಗಿ ಸಂತೆಯಿಂದ ದೊಡ್ಡ ಗ್ಲಾಸು ತಂದೆ. ಕುರಿದೊಡ್ಡಿಯ ಪಕ್ಕದ ಬೇವಿನ ಗಿಡದ ಕೆಳಗೆ ಮೇಜು ಹಾಕಿದೆ. ಬರೀ ಮಜ್ಜಿಗೆಗೆ ಪಿಂಟ್ ಅಳತೆ, ಹಸಿಮೆಣಸು ಜಜ್ಜಿ ಹಾಕಿದ್ದು ಬಿಟರ್, ಕಬ್ಬಿನ ಹಾಲಿಗೆ ಲಿಂಬು ಸೋಡಾ ಬೆರೆಸಿದ್ದು ಶ್ಯಾಂಡಿ. ಪಬ್ಬು ಮುಚ್ಚುವ ಮುನ್ನ 'ಲಾಸ್ಟ್ ಆರ್ಡರ್ಸ್' ಎಂದು ಕೂಗಿ ಗಂಟೆ ಬಾರಿಸುತ್ತಾರಂತೆ. ದೊಡ್ಡಿಯ ಕಂಬದಲ್ಲಿ ನೇತಾಡುತ್ತಿದ್ದ ಗಂಟೆಯನ್ನೇ ಬಿಚ್ಚಿ ತಂದು ಗಿಡಕ್ಕೆ ಕಟ್ಟಿದೆ. ಗಿರಾಕಿ ಬೇಕಲ್ಲ ಎಂದು ಬಾಜೂ ಮನೆಯ ಲಗಮಪ್ಪ ಕಾಕಾನನ್ನು ಕರೆದೆ.

ಪೀಟರ್ ಸಂಕೇಶ್ವರದ ಹೈವೇ ಮೇಲೆ ಇಳಿದ. ಹುಕ್ಕೇರಿ, ಗೋಕಾಕ ದಾಟಿ ಊರು ಮುಟ್ಟುವಷ್ಟರಲ್ಲಿ ಬಿಸಿಲಿಗೆ ಅವನ ಮುಖ ಗಜ್ಜರಿಯಂತಾಗಿತ್ತು. ಸೀದಾ ಪಬ್ಬಿಗೆ ಕರೆತಂದು ಕೂರಿಸಿ, ನಾನು ಮೇಜಿನ ಹಿಂದೆ ಗಂಭೀರವಾಗಿ ನಿಂತೆ.

"ಏನ್ ತಗೋತೀರಿ ಕಾಕಾ?"

"ಏನೂ ಬ್ಯಾಡೋ. ಈಗ ಉಂಡ ಬಂದೇನಿ."

ಬ್ಯಾಡ ಅಂದರೆ ಬ್ಯಾಡ. ನಾನು ಪೀಟರನ ಕಡೆ ತಿರುಗಿದೆ. ಕಾಕಾನ ಮುಖ ಇಳಿಯಿತು. ಈವರೆಗೆ ಯಾರೂ ಅವನ ಮೊದಲನೇ 'ಬ್ಯಾಡ'ವನ್ನು ನಂಬಿರಲಿಲ್ಲ.

"ಪೀಟರ್, ಪಿಂಟ್? ಹಾಫ್? ಶ್ಯಾಂಡಿ?"

ಪೀಟರ್ ಕೈ ಜೋಡಿಸಿ, ಸ್ಪಷ್ಟ ಕನ್ನಡದಲ್ಲಿ, ಅದೂ ನಮ್ಮ ಕಡೆಯ ಕನ್ನಡದಲ್ಲಿ ಅಂದ: "ಏನೂ ಬ್ಯಾಡ್ರಿ. ಈಗ ಆತ್ರಿ."

ಅಣ್ಣನೇ ಬಾಯಿ ತೆರೆದಂತಾಯಿತು. ಕಣ್ಣು ತುಂಬಿದವು. ಆದರೆ ಪಬ್ಬಿನ ಮಾಲೀಕನಿಗೆ ಅದು ಶೋಭೆಯಲ್ಲ. "ಆಲ್ ರೈಟ್," ಎಂದು ಅವನ ಮುಂದಿನ ಗ್ಲಾಸನ್ನು ಬೋರಲು ಹಾಕಿದೆ.

ಪೀಟರ್ ಬೋರಲು ಗ್ಲಾಸು ನೋಡಿದ. ಕಾಕಾ ಪೀಟರನನ್ನು ನೋಡಿದ. ಇಬ್ಬರೂ ಮಜ್ಜಿಗೆಯ ಹಂಡೆ ನೋಡಿದರು. ಮಾದರಿಯಾಗಲೆಂದು ನಾನೇ ಒಂದು ಪಿಂಟ್ ತುಂಬಿ ಕುಡಿದೆ. 'ಸೇಮ್ ಅಗೇನ್' ಎಂದು ನನಗೆ ನಾನೇ ಆರ್ಡರ್ ಕೊಟ್ಟು ಇನ್ನೊಂದನ್ನೂ ಕುಡಿದೆ. ಅಣ್ಣನ ಬಗ್ಗೆ ಒಂದು ಮಾತೂ ಹೊರಡಲಿಲ್ಲ. ಪೀಟರ್ ಆಗಾಗ ಹಂಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದ. ದುಃಖ ಎಂದುಕೊಂಡೆ.

ಕಾಕಾ ಕೆಮ್ಮಿದ. "ನಿಮ್ಮಪ್ಪ ಇದ್ದಾಗ ಈ ಮನ್ಯಾಗ ಒತ್ತಾಯ ಅನ್ನೂದೊಂದ ಇತ್ತಪಾ."

ಗಿರಾಕಿ ಇಲ್ಲದ ಪಬ್ಬು ಮುಚ್ಚುವುದೇ ಲೇಸು. ಎದ್ದು ನಿಂತು 'ಲಾಸ್ಟ್ ಆರ್ಡರ್ಸ್' ಎಂದು ಘೋಷಿಸಿ ಗಂಟೆ ಬಾರಿಸಿದೆ.

ಆ ಗಂಟೆ ಬಾರಿಸಿಯೇ ನಾವು ದಿನಾ ಸಂಜೆ ಕುರಿಗಳಿಗೆ ಹಿಂಡಿ ಹಾಕುವುದು. ಕುರಿ ಸಾಕುವ ಮನೆಯ ಕೂಸಿಗೂ ಇದು ಗೊತ್ತಿರುತ್ತದೆ. ಪಬ್ಬಿನ ಮಾಲೀಕನಿಗೆ ಮರೆತಿತ್ತು!

ದೊಡ್ಡಿಯ ಮುಳ್ಳುಬೇಲಿ ತಳ್ಳಿಕೊಂಡು ಇಡೀ ಹಿಂಡು ಪಬ್ಬಿಗೆ ನುಗ್ಗಿತು. ಅವು ಯಾವುವೂ ಬ್ಯಾಡ ಅನ್ನಲಿಲ್ಲ. ಮೇಜು ಬಿತ್ತು, ಹಂಡೆ ಉರುಳಿತು. ಟಗರು ಬಿಟರಿಗೆ ಮೂತಿ ಹಾಕಿ ಸೀನಿ, ಪೀಟರನನ್ನು ಕುರ್ಚಿಸಮೇತ ಕೆಡವಿತು.

ಮಾಲವ್ವ ಓಡಿಬಂದು ಕುರಿ ಅಟ್ಟಿ ಪೀಟರನನ್ನು ಎಬ್ಬಿಸಿದಳು. "ಅಯ್ಯ, ತುಟಿ ಒಣಗ್ಯಾವಲ್ರಿ ಇವರ್ವು. ಏನೂ ಕೊಟ್ಟಿಲ್ಲೇನು?"

"ಬ್ಯಾಡ ಅಂದಾನ. ಆಲ್ ರೈಟ್ ಅಂದು ಗ್ಲಾಸ್ ಬೋರಲ ಹಾಕೇನಿ."

"ಬ್ಯಾಡ ಅನ್ನದ ಮತ್ತೇನ ಅಂತಾರ? ಮನಿಗೆ ಬಂದಾವ್ರು ಕೇಳಿದ ಕೂಡ್ಲೆ ಹೂಂ ಅಂತಾರೇನು?"

ಅವಳು ಒಳಗೆ ತೆಗೆದಿಟ್ಟಿದ್ದ ಒಂದು ಚರಿಗೆ ಮಜ್ಜಿಗೆ ತಂದು ಚಾಚಿದಳು.

"ಬ್ಯಾಡ್ರಿ," ಎಂದ ಪೀಟರ್, ದನಿಯಲ್ಲಿ ಜೀವವಿಲ್ಲದೆ.

"ಕುಡೀರಿ."

"ಬ್ಯಾಡ್ರಿ."

"ಸುಮ್ನ ಕುಡೀರಿ ಅಂದ್ರ." ಚರಿಗೆಯನ್ನು ಕೈಯಲ್ಲಿ ಇಟ್ಟೇಬಿಟ್ಟಳು.

ಪೀಟರ್ ಉಸಿರು ಬಿಡದೆ ಖಾಲಿ ಮಾಡಿದ. ಆಮೇಲೆ ನಗಲು ಶುರುಮಾಡಿದ. ನನಗೆ ತಿಳಿಯುವಂತೆ ನಿಧಾನವಾಗಿ, ಸಣ್ಣ ಸಣ್ಣ ಇಂಗ್ಲಿಷಿನಲ್ಲಿ ಹೇಳಿದ. ಅಣ್ಣ ಅವನಿಗೆ, "ನನ್ನ ತಮ್ಮನ ಮನೆಗೆ ಹೋದರೆ ಮೂರು ಸಲ ಬ್ಯಾಡ ಅನ್ನು, ನಾಲ್ಕನೇ ಸಲಕ್ಕೆ ಕುಡಿ" ಎಂದು ಕಲಿಸಿದ್ದನಂತೆ. ಅವನಿಗೆ ನಮ್ಮ ಪದ್ಧತಿ, ನನಗೆ ಅವನ ಪದ್ಧತಿ. ಇಬ್ಬರಿಗೂ ಪಾಠ ಹೇಳಿದ ಮಾಸ್ತರ ಒಬ್ಬನೇ.

ಮಾತು ಹೊರಟಿತು. ಆಸ್ಪತ್ರೆಯಲ್ಲಿ ನರ್ಸ್ ಚಹಾ ಬೇಕೇ ಎಂದರೆ ಅಣ್ಣ ಬ್ಯಾಡ ಅನ್ನುತ್ತಿದ್ದನಂತೆ. ಆಕೆ ಹೊರಟುಹೋಗುತ್ತಿದ್ದಳಂತೆ. ಇದನ್ನು ನೋಡಿ ನೋಡಿ ಪೀಟರನೇ ನಾಲ್ಕು ಸಲ ಕೇಳುವುದನ್ನು ರೂಢಿಸಿಕೊಂಡ. ಕೊನೆಯ ದಿನವೂ ಕೇಳಿದ. ನಾಲ್ಕನೇ ಸಲಕ್ಕೆ ಅಣ್ಣ ಎರಡು ಗುಟುಕು ಕುಡಿದು, "ನೀ ಈಗ ಕುಲಗೋಡದಾಂವ ಆದಿ," ಎಂದು ನಕ್ಕನಂತೆ.

ಬಿದ್ದ ಮೇಜನ್ನು ಎತ್ತಿ ನಿಲ್ಲಿಸುವ ನೆವದಲ್ಲಿ ನಾನು ಸ್ವಲ್ಪ ಹೊತ್ತು ಬಗ್ಗಿಯೇ ಇದ್ದೆ. ಅಷ್ಟು ದೂರದ ಊರಲ್ಲೂ ನಮ್ಮಣ್ಣನಿಗೆ ಒತ್ತಾಯ ಮಾಡುವವರು ಒಬ್ಬರಿದ್ದರು. ಈಗ ರವಿವಾರ ಪೀಟರ್ ಫೋನ್ ಮಾಡುತ್ತಾನೆ. ನಾನು ಹೊಲಕ್ಕೆ ಹೋಗುವುದಿಲ್ಲ.

ಪಬ್ಬು ಮುಚ್ಚಿದ ಆ ರಾತ್ರಿ ಊಟಕ್ಕೆ ಮಾಲವ್ವ ಮತ್ತೆ ಮಜ್ಜಿಗೆ ಮಾಡಿದಳು. ಪೀಟರನಿಗೆ ಎರಡು ಸಲ, ಕಾಕಾನಿಗೆ ಮೂರು ಸಲ ಒತ್ತಾಯ ಮಾಡಿ ಬಡಿಸಿ ನನ್ನ ಕಡೆ ತಿರುಗಿದಳು.

"ನಿಮಗರಿ?"

ಮನಸ್ಸು ತುಂಬಿತ್ತು. ಮರ್ಯಾದೆಗೆಂದು, "ಬ್ಯಾಡ," ಎಂದೆ.

"ಆಲ್ ರೈಟ್," ಎಂದು ಅವಳು ನನ್ನ ಗ್ಲಾಸನ್ನು ಬೋರಲು ಹಾಕಿ ಒಳಗೆ ಹೋದಳು.