ಎಲ್ಕ್ ಬೇಟೆಗೆ ನಾನು ಆರಿಸಿದ ಕೋವಿ

ಕೋವಿ ಆರಿಸುವುದೇನು ಮಹಾ ವಿದ್ಯೆ? ಕ್ಯಾಲಿಫೋರ್ನಿಯಾದ ಡೈಮಂಡ್ ಬಾರ್ ಊರಿನ ಮನೆ, ಎರಡು ಕಾರು, ಮೂರು ವ್ಯಾಕ್ಯೂಮ್ ಕ್ಲೀನರ್, ಎಲ್ಲವನ್ನೂ ಎಕ್ಸೆಲ್ ಶೀಟ್ ಹಾಕಿಯೇ ಆರಿಸಿದ ಟೆಲಿಕಾಂ ಎಂಜಿನಿಯರ್ ನಾನು. ಬೋಲ್ಟ್ ಹಿಂದಕ್ಕೆಳೆದು ಗುಂಡು ತುಂಬುವ ಒಂದು ರೈಫಲ್ ನನಗೆ ಯಾವ ಲೆಕ್ಕ!

ಎಡವಟ್ಟು ಶುರುವಾದದ್ದು ಬಾಯಿಂದ. ಕೋವಿಡ್ ಕಳೆದು ಆಫೀಸಿಗೆ ಮರಳಿದ ಮೇಲೆ, ಊಟದ ಹೊತ್ತಿನಲ್ಲಿ ನಮ್ಮ ಬಾಸ್ ಗ್ರೆಗ್ ಎಲ್ಕ್ ಬೇಟೆಯ ಮಾತೆತ್ತಿದ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ. ಪ್ರತಿ ನವೆಂಬರಿನಲ್ಲಿ ಅವನ ಜೊತೆ ಬೆಟ್ಟ ಹತ್ತುವ ಐವರೂ ಡೈರೆಕ್ಟರುಗಳು. ನಾನೋ ಆರು ವರ್ಷದಿಂದ ಮ್ಯಾನೇಜರ್ ಕುರ್ಚಿಗೆ ಅಂಟಿಕೊಂಡವನು. "ಚಿಕ್ಕಂದಿನಲ್ಲಿ ನಾನೂ ಬೇಟೆಯಾಡಿದವನೇ" ಎಂದುಬಿಟ್ಟೆ. ನಾನು ಬೇಟೆಯಾಡಿದ್ದು ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ, ಬಲೂನುಗಳನ್ನು. ಅವುಗಳಲ್ಲೂ ಒಂದೂ ಸತ್ತಿರಲಿಲ್ಲ!

ಗ್ರೆಗ್ ಬೆನ್ನು ತಟ್ಟಿ ಆಹ್ವಾನವಿತ್ತ. ನಿಜವಾದ ಬೇಟೆಗಾರ ಹೊಸ ಕೋವಿ ಕೊಳ್ಳುವುದಿಲ್ಲ, ಹಳೆಯದೊಂದನ್ನು ಹಿಡಿದು ದೊಡ್ಡ ಗುಂಡು ಹಾರಿಸುವಂತೆ ಮಾರ್ಪಡಿಸಿಕೊಳ್ಳುತ್ತಾನೆ ಎಂದೂ ಉಪದೇಶಿಸಿದ. ಅರೆ, ಇದು ನಮ್ಮದೇ ಪದ್ಧತಿ! ಪ್ಯಾಂಟಿನ ಅಂಚಿನಲ್ಲಿ ಬಟ್ಟೆ ಒಳಗೆ ಬಿಟ್ಟು ಹೊಲಿಸಿ, ಹುಡುಗ ಬೆಳೆದ ಹಾಗೆ ಬಿಚ್ಚಿಸಿ ದೊಡ್ಡದು ಮಾಡಿಸುವ ವಂಶ ನಮ್ಮದು.

"ಮೊಟ್ಟೆ ಹಾಕಿದ ಕೇಕ್ ಮುಟ್ಟಲ್ಲ ಅನ್ನೋರು, ಪ್ರಾಣಿ ಕೊಲ್ಲೋಕೆ ಹೋಗ್ತೀರಾ?" ಎಂದಳು ಹೆಂಡತಿ ವಸುಧಾ.

"ಕೊಲ್ಲೋದಲ್ಲ ಕಣೇ. ನೆಟ್‌ವರ್ಕಿಂಗ್!"

"ಡ್ಯಾಡ್, ಯು ರನ್ ಫ್ರಮ್ ರಕೂನ್ಸ್!" ಎಂದಳು ಮಗಳು. ರಕೂನ್ ಅಂದರೆ ರಾತ್ರಿ ನಮ್ಮ ಕಸದ ಡಬ್ಬಿ ಕೆದಕುವ, ಬೆಕ್ಕಿಗಿಂತ ತುಸು ದೊಡ್ಡ ಪ್ರಾಣಿ. ಅವಳಿಗೆ ಕನ್ನಡ ಎಲ್ಲವೂ ಅರ್ಥವಾಗುವುದೇ ತೊಂದರೆ.

ಶೀಟ್ ಸಿದ್ಧವಾಯಿತು. ಇಪ್ಪತ್ತಮೂರು ಕಾಲಂ! ತೂಕ, ತುಕ್ಕು, ಮರದ ಪಾಲಿಶ್, ನಳಿಗೆಯ ಉದ್ದ, ರೀಸೇಲ್. ಸಕಲ ಪರೀಕ್ಷೆಗಳಲ್ಲೂ ಪ್ರಥಮ ಸ್ಥಾನ ಪಡೆದದ್ದು ತೆಳ್ಳಗೆ ಬೆಳ್ಳಗಿನ ಮರದ ಒಂದು ರೈಫಲ್. ಒಬ್ಬರೇ ಓನರ್, ವಯಸ್ಸಾದ ಡಾಕ್ಟರು, ಬಹಳ ಕಡಿಮೆ ಬಳಸಿದ್ದು. ಕೊಂಡೇಬಿಟ್ಟೆ. ಸರ್ಕಾರದ ಪರೀಕ್ಷೆ, ಫಾರಂ, ಕಾನೂನಿನ ಹತ್ತು ದಿನದ ಕಾಯುವಿಕೆ ಎಲ್ಲ ಮುಗಿದು ಅದು ಮನೆಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ.

ಇದು ದೈವಸಂಕಲ್ಪವಲ್ಲದೆ ಮತ್ತೇನು! ಇಷ್ಟು ವರ್ಷ ಆಯುಧಪೂಜೆಯೆಂದು ಲ್ಯಾಪ್‌ಟಾಪಿಗೂ ಮಿಕ್ಸಿಗೂ ಕುಂಕುಮ ಇಟ್ಟಿದ್ದೆವು. ಈಗ ನಿಜವಾದ ಆಯುಧ! ಅರಿಸಿನ ಕುಂಕುಮ ಧಾರಾಳವಾಗಿ ಬಳಿದೆ. ಆಶೀರ್ವಾದ ಒಳಗೂ ತಲುಪಲಿ ಎಂದು ಬೋಲ್ಟ್ ಹಿಂದಕ್ಕೆಳೆದು ಒಂದು ಹಿಡಿ ಅಕ್ಷತೆಯನ್ನೂ ಹಾಕಿದೆ. ಹಾರ ಹಾಕಿದ ಕೋವಿಯನ್ನು ಎದೆಗಪ್ಪಿಕೊಂಡ ನನ್ನ ಫೋಟೊ ಆಫೀಸ್ ಗ್ರೂಪಿಗೆ ಹೋಯಿತು. ಗ್ರೆಗ್ ಹೆಬ್ಬೆರಳು ಎತ್ತಿದ. ಉಳಿದ ಐವರು ಏಕೋ ಏನೂ ಹೇಳಲಿಲ್ಲ.

ಶನಿವಾರ ಅದನ್ನು ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಗ್ರೆಗ್ ಹೇಳಿದಂತೆ ಮಾರ್ಪಡಿಸಿಕೊಳ್ಳಲು ಸ್ಯಾನ್ ಡಿಯಾಗೋಗೆ ಡ್ರೈವ್ ಮಾಡಿದೆ. ಅಲ್ಲಿನ ಕರ್ನಿ ಮೆಸಾ ಬಡಾವಣೆಯಲ್ಲಿ ಮೈಸೂರಿನ ಬಷೀರ್ ಅಂಕಲ್ ಕೋವಿ ರಿಪೇರಿಯ ವರ್ಕ್‌ಶಾಪ್ ಇಟ್ಟಿದ್ದಾರೆ. ಅವರು ಬೋಲ್ಟ್ ಎಳೆದರು. ಅದು ಕರಕರ ಎಂದಿತು. ಕೋವಿಯನ್ನು ತಲೆಕೆಳಗು ಮಾಡಿ ತಟ್ಟಿದರು. ಮೇಜಿನ ಮೇಲೆ ಅಕ್ಷತೆ ಸುರಿಯಿತು.

"ಏನಪ್ಪಾ ಇದು? ಕೋವಿಗೆ ಮದುವೆ ಮಾಡಿಸಿದ್ಯಾ?"

ನಾನು ಗಂಭೀರವಾಗಿ ಶೀಟ್ ತೆರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ಇಪ್ಪತ್ತಮೂರು ಕಾಲಮನ್ನೂ ಓದಿದರು.

"ನಳಿಗೆ ಉದ್ದ ಬರ್ದಿದ್ದೀಯ. ಗುಂಡಿನ ಉದ್ದ ಎಲ್ಲಿ?"

ಅವರು ಎಲ್ಕಿಗೆಂದು ನಾನು ಬಯಸಿದ್ದ ಮ್ಯಾಗ್ನಮ್ ಎಂಬ ದೊಡ್ಡ ಗುಂಡಿನ ಮದ್ದಿಲ್ಲದ ಮಾದರಿಯೊಂದನ್ನು ತಂದು ಕೋವಿಯ ಮೇಲಿಟ್ಟರು. ಗುಂಡು ಒಳಗಿಳಿಯಬೇಕಾದ ಬಾಯಿಗಿಂತ ಗುಂಡೇ ಅರ್ಧ ಬೆರಳು ಉದ್ದ!

"ನಳಿಗೆ ಬೇರೆ ಹಾಕ್ಬಹುದಪ್ಪಾ. ಆದ್ರೆ ಬೋಲ್ಟ್ ಹಿಂದಕ್ಕೆ ಬರೋದೇ ಇಷ್ಟು. ಬಾಗಿಲೇ ಚಿಕ್ಕದು."

"ಸ್ವಲ್ಪ ಬಿಚ್ಚಿ ದೊಡ್ಡದು ಮಾಡಕ್ಕಾಗಲ್ವಾ ಅಂಕಲ್?"

"ಇದೇನು ಪ್ಯಾಂಟಾ?"

ಅಂಕಲ್ ಚಹಾ ಕೊಟ್ಟರು, ಅಕ್ಷತೆಯನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು. ಬೇಟೆಗೆ ಮೂರೇ ವಾರ. ಕೋವಿ ಇಲ್ಲದೆ ಬೆಟ್ಟವಿಲ್ಲ, ಬೆಟ್ಟವಿಲ್ಲದೆ ಡೈರೆಕ್ಟರುಗಳ ಸಾಲಿನಲ್ಲಿ ಜಾಗವಿಲ್ಲ.

ಸೋಮವಾರ ಗ್ರೆಗ್ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಬಲೂನುಗಳನ್ನೂ ಸೇರಿಸಿ. ಅವನು ಕುರ್ಚಿಗೆ ಒರಗಿ ದೊಡ್ಡದಾಗಿ ಉಸಿರುಬಿಟ್ಟ.

"ಸದ್ಯ! ಆ ಫೋಟೊ ನೋಡಿದಾಗಿಂದ ನೀನು ಕೋವಿ ಹಿಡಿದು ನಮ್ಮ ಹಿಂದೆ ನಡೆಯೋದು ನೆನೆಸಿಕೊಂಡೇ ಎಲ್ಲರಿಗೂ ಹೆದರಿಕೆ. ನಿನಗೆ ಹೇಗೆ ಬೇಡ ಅನ್ನೋದು ಅಂತ ಎರಡು ಮೀಟಿಂಗ್ ಮಾಡಿದ್ವಿ. ಆದ್ರೆ ಕ್ಯಾಂಪಿಗೆ ಬಾ. ಅಡುಗೆಗೆ ಯಾರೂ ಇಲ್ಲ."

ನನ್ನ ಹೆಸರಿನ ಮೇಲೆ ಎರಡು ಮೀಟಿಂಗ್! ಆರು ವರ್ಷದಲ್ಲಿ ನನ್ನ ಬಡ್ತಿಗೆ ಒಂದೂ ಆಗಿರಲಿಲ್ಲ. ಆದರೂ ನಾಚಿಕೆಯಿಲ್ಲದೆ ತಕ್ಷಣ ಒಪ್ಪಿದೆ.

ಗ್ರೆಗ್ ಮತ್ತು ಐವರು ಡೈರೆಕ್ಟರುಗಳು ಮೂರು ದಿನ ಹಿಮದಲ್ಲಿ ಅಲೆದರು. ಎಲ್ಕಿನ ಬಾಲವೂ ಕಾಣಲಿಲ್ಲ. ಸಂಜೆಯಾದರೆ ಡೇರೆಗೆ ಬಂದು ನನ್ನ ಪುಳಿಯೋಗರೆಯನ್ನು ಎರಡೆರಡು ಸಲ ಬಡಿಸಿಕೊಂಡು ತಿಂದರು. "ಮುಂದಿನ ವರ್ಷವೂ ನೀನೇ!" ಎಂದು ಗ್ರೆಗ್ ಎಲ್ಲರೆದುರು ಘೋಷಿಸಿದ. ಚಪ್ಪಾಳೆ ಬಿತ್ತು. ನಾನು ಸೌಟು ಹಿಡಿದೇ ತಲೆಬಾಗಿದೆ.

ಗೊಜ್ಜು ವಸುಧಾ ಮಾಡಿ ಬಾಟಲಿಗೆ ತುಂಬಿ ಕೊಟ್ಟದ್ದು. ನನ್ನ ಪಾಲಿನ ಕೆಲಸ ಅನ್ನ ಮಾಡುವುದಷ್ಟೇ. ಅದೂ ಮುದ್ದೆಯಾಗಿತ್ತು.