ಹತ್ತಿ ಮಾಮನ ಹದಿನಾಲ್ಕು ಗಂಟೆ

ಎಲ್ಲಕ್ಕೂ ಕಾರಣ ಅವರೆಕಾಳಿಗಿಂತ ಚಿಕ್ಕದಾದ ಒಂದು ಮಾತ್ರೆ.

ಹಾಸಿಗೆ ಹೊಲಿಯುವ ಹತ್ತಿ ಮಾಮ ವಿಮಾನ ಏರಿದಾಗಿನಿಂದ ಕಿಟಕಿಗೆ ಮೂಗು ಒತ್ತಿ ಕೂತಿದ್ದ. ಕೆಳಗೆ ಮೋಡಗಳು ಆಗತಾನೇ ಹಿಂಜಿ ಹರವಿದ ಹತ್ತಿಯಂತೆ ಬಿದ್ದುಕೊಂಡಿದ್ದವು. ಅಷ್ಟಕ್ಕೂ ಗವಸು ಹೊಲಿಯಲು ಎಷ್ಟು ಬಟ್ಟೆ ಬೇಕಾದೀತು ಎಂದು ಯೋಚಿಸುತ್ತ ಮನಸ್ಸೂ ಅಲ್ಲೇ ತೇಲುತ್ತಿತ್ತು. ದೂರದ ಇನ್ನೊಂದು ನಿಲ್ದಾಣಕ್ಕೆ, ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಬರುವವಳಿದ್ದಳು. ಅವಳ ಮುಖ ನೋಡಿ ಇಪ್ಪತ್ತು ವರ್ಷವಾಗಿತ್ತು.

“ನಮ್ಮಕ್ಕ ಕಾಯ್ತಿರ್ತಾಳೆ, ಇನ್ನೆಷ್ಟು ದೂರ ಸಾರ್?” ಪಕ್ಕದ ಸೀಟಿನ ಭೂಗೋಳದ ಮೇಷ್ಟ್ರನ್ನು ಕೇಳಿದ.

“ಒಟ್ಟು ಹದಿಮೂರು ಸಾವಿರ ಕಿಲೋಮೀಟರು, ಹದಿನಾಲ್ಕು ಗಂಟೆ. ಇನ್ನೂ ಕಾಲು ದಾರೀನೂ ಆಗಿಲ್ಲ ಕಣ್ರೀ. ಹಿಂದಿನಿಂದ ಗಾಳಿ ತಳ್ಳಿದ್ರೆ ಬೇಗ ಹೋಗ್ತೀವಿ. ಎದುರುಗಾಳಿ ಅಂತಂದ್ರೆ...” ಮೇಷ್ಟ್ರು ಪಾಠ ಶುರು ಹಚ್ಚಿದರು.

“ಪಾಪ, ಅವರ ತಲೆ ಯಾಕೆ ತಿಂತೀರ?” ಆಚೆ ಸೀಟಿನ ಹೆಂಗಸು ಮೇಷ್ಟ್ರ ಮೇಲಿಂದಲೇ ಕೈ ಚಾಚಿದಳು. “ಅಣ್ಣ, ಈ ಮಾತ್ರೆ ನುಂಗಿ ಮಲಗಿಬಿಡಿ. ಕಣ್ಣು ಬಿಟ್ರೆ ನಿಮ್ಮಕ್ಕನ ಊರು!”

ಅಷ್ಟಕ್ಕೇ ಬಿಡದೆ, ಅವನ ಕೈಗಡಿಯಾರವನ್ನೂ ಅಕ್ಕನ ಊರಿನ ಟೈಮಿಗೆ ತಿರುಗಿಸಿದಳು. “ಆ ಕಡೆ ಅಲ್ಲಮ್ಮ, ಈ ಕಡೆ” ಎಂದು ಮೇಷ್ಟ್ರು ಮತ್ತೆ ತಿರುಗಿಸಿದರು. ಇಬ್ಬರ ಜಗ್ಗಾಟ ಮುಗಿಯುವಷ್ಟರಲ್ಲಿ ಗಡಿಯಾರದಲ್ಲಿ ಯಾವ ಊರಿನ ಟೈಮೂ ಉಳಿದಿರಲಿಲ್ಲ.

ಹತ್ತಿ ಮಾಮ ಮಾತ್ರೆ ನುಂಗಿ ನಿದ್ದೆಗೆ ಜಾರಿದ. ಕನಸಿನಲ್ಲಿ ಮೋಡದ ಹಾಸಿಗೆಯ ತುದಿಯಲ್ಲಿ ಅಕ್ಕ ಕೂತು ಅವನ ಬೆನ್ನು ತಟ್ಟುತ್ತಿದ್ದಳು. ಯಾರೋ ಮೈಕಿನಲ್ಲಿ ಏನೋ ಹೇಳಿದಂತಾಯಿತು. ಅದನ್ನೂ ಲಾಲಿ ಎಂದುಕೊಂಡು ಮಗ್ಗುಲು ಬದಲಿಸಿದ.

ಧಡ್! ಚಕ್ರಗಳು ನೆಲ ಮುಟ್ಟಿದಾಗಲೇ ಎಚ್ಚರ. ಹೆಂಗಸು ಫೋನಿನಲ್ಲಿ ಬಿಕ್ಕುತ್ತಿದ್ದಳು. ತನ್ನವರನ್ನು ಸೇರುವ ಸಂತೋಷ ಇರಬೇಕು ಅಂದುಕೊಂಡ. ಮೇಷ್ಟ್ರು ವಿಮಾನದ ಸಿಬ್ಬಂದಿಯ ಮೇಲೆ ಕೂಗಾಡುತ್ತಿದ್ದರು. ಓದಿದವರು, ಏನೋ ಚರ್ಚೆ! ಯಾರನ್ನೂ ತಡೆದು ಕೇಳದೆ ಜನರ ಹಿಂದೆಯೇ ತೇಲುತ್ತ ಹೊರಬಂದ. ಪರದೇಶದ ಗಾಳಿಯೇ ಬೇರೆ ಎಂದು ಎದೆ ತುಂಬ ಉಸಿರೆಳೆದು ಅಕ್ಕನಿಗೆ ಫೋನು ಹಚ್ಚಿದ.

“ಅಕ್ಕ, ಬಂದೆ ಕಣೇ!”

“ಇಷ್ಟು ಬೇಗಾನಾ?”

“ಗಾಳಿ ತಳ್ಳಿರ್ಬೇಕು. ಎಲ್ಲಿದೀಯ?”

“ಮನೇಲಿ ಕೂರೋಕಾಗ್ದೆ ಆಗ್ಲೇ ಬಂದು ಬಾಗಿಲ ಹತ್ರ ನಿಂತಿದೀನಿ ಕಣೋ. ನೀಲಿ ಛತ್ರಿ ನೋಡು.”

“ನಾನೂ ಬಾಗಿಲ ಹತ್ರಾನೇ ಇದೀನಿ. ಈ ಬಿಸಿಲಲ್ಲಿ ಛತ್ರಿ ಹಿಡಿದೋರು ಯಾರೂ ಕಾಣ್ತಿಲ್ವಲ್ಲ!”

“ಬಿಸಿಲಾ? ಇಲ್ಲಿ ಧೋ ಅಂತ ಮಳೆ!”

ಎಂಥ ದೊಡ್ಡ ನಿಲ್ದಾಣ, ಒಂದು ಬಾಗಿಲಿಗೆ ಬಿಸಿಲು, ಇನ್ನೊಂದಕ್ಕೆ ಮಳೆ! ಬೆರಗಾಗಿ ಸುತ್ತ ನೋಡಿದ. ಎದುರಿಗೆ ಬಸ್ಸೊಂದು ಬಂದು ನಿಂತಿತು. ಅದರ ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅವನ ಅಂಗಡಿ ಬೀದಿಯ ಹೆಸರಿತ್ತು.

ಕಂಡಕ್ಟರು ತಲೆ ಹೊರಹಾಕಿದ. “ಎಂಜಿನ್ ಕೆಟ್ಟು ದಾರೀಲಿಂದ್ಲೇ ವಾಪಸ್ ಬಂತಲ್ಲ, ಆ ವಿಮಾನದೋರಾ? ಹತ್ತಿ, ಹತ್ತಿ!”

ಹತ್ತಿ ಮಾಮ ಮೆಲ್ಲಗೆ ಫೋನನ್ನು ಬಾಯಿಯ ಹತ್ತಿರ ತಂದ.

“ಅಕ್ಕ, ಮಳೇಲಿ ನೆನೀಬೇಡ, ಮನೆಗೆ ಹೋಗು.”

“ಮತ್ತೆ ನೀನು?”

“ನಾನೂ ಮನೆಗೇ ಹೋಗ್ತಿದೀನಿ ಕಣೇ.”