ಸೈಡ್‌ಕಾರಿನಲ್ಲಿ ತುಲಾಭಾರ

ಕೆಲವರ ಮನೆಗೆ ಸುದ್ದಿ ಪೇಪರಿನಲ್ಲಿ ಬರುತ್ತದೆ, ನಮ್ಮ ಮನೆಗೆ ಅದು ನಡೆದುಕೊಂಡೇ ಬರುತ್ತದೆ. ಕಾರಣ ನನ್ನ ಬಾಯಿ. ಯಾರು ಏನು ಕೇಳಿದರೂ, ಅವರು ಕೇಳಿ ಮುಗಿಸುವ ಮೊದಲೇ ಅದು “ಆಗಬಹುದು” ಎಂದುಬಿಡುತ್ತದೆ. ಪುತ್ತಿಗೆಯ ನಮ್ಮ ಕೊಯ್ಲಾದ ಗದ್ದೆಯಲ್ಲಿ ಶನಿವಾರ, ಆದಿತ್ಯವಾರ ಎರಡು ದಿನ ಡೇರೆ ಹಾಕುತ್ತೇವೆ, ಮೂವತ್ತು ಜನ ಬೈಕಿನವರು, ಕೆಲವರದ್ದು ಸೈಡ್‌ಕಾರು ಇರುವ ಬೈಕು ಎಂದು ಫೋನು ಬಂದಾಗಲೂ ಹಾಗೆಯೇ ಆಯಿತು. ಸೈಡ್‌ಕಾರು ಎಂದರೆ ಏನೆಂದು ನಾನು ಕೇಳಿದ್ದು ಫೋನು ಇಟ್ಟ ಮೇಲೆ.

ಅದೇ ಆದಿತ್ಯವಾರ ನನ್ನ ತುಲಾಭಾರ ಎಂಬುದು ನೆನಪಾದದ್ದು ಇನ್ನೂ ಆಮೇಲೆ.

ಕಳೆದ ಮಳೆಗಾಲದಲ್ಲಿ ನಾನು ಜ್ವರದಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ, “ಇವರು ಎದ್ದು ನಡೆದರೆ ಇವರ ತೂಕದಷ್ಟು ಬಾಳೆಹಣ್ಣು ತೂಗಿಸುತ್ತೇನೆ” ಎಂದು ನನ್ನ ಹೆಂಡತಿ ಹರಕೆ ಹೇಳಿಕೊಂಡಿದ್ದಳು. ದೇವರ ದಯೆ, ನಾನು ಎದ್ದು ನಡೆದೆ. ಹರಕೆ ಮಾತ್ರ ಕುಳಿತೇ ಇತ್ತು. ಒಮ್ಮೆ ಸೂತಕ ಬಂತು, ಒಮ್ಮೆ ಅವಳ ಕಾಲು ಉಳುಕಿತು, ಒಮ್ಮೆ ನಾನೇ “ಬರುವ ತಿಂಗಳು ನೋಡುವ” ಎಂದೆ. ನಾಲ್ಕನೆಯ ಸಲ ತಪ್ಪಿದರೆ ದೇವರ ಮುಂದೆ ನಿಲ್ಲಲು ನನಗೆ ಮುಖವಿಲ್ಲ ಎಂದು ಅವಳು ಖಂಡಿತವಾಗಿ ಹೇಳಿದ್ದಳು. ಚಾವಡಿಯಲ್ಲಿ ಎಂಟು ಗೊನೆ ಕದಳಿ ಹಣ್ಣಾಗುತ್ತ ತೂಗುತ್ತಿದ್ದವು.

ಬೆಲ್ಲ, ನೀರು, ಮತ್ತೆ

ಶನಿವಾರ ಬೆಳಿಗ್ಗೆ ಫರಂಗಿಪೇಟೆಯ ದಾರಿಯಾಗಿ ಅವರೆಲ್ಲ ಬಂದಿಳಿದರು. ಸೈಡ್‌ಕಾರು ಎಂದರೆ ಬೈಕಿನ ಎಡಗಡೆ ಒಂದು ಚಕ್ರದ ಮೇಲೆ ತೊಟ್ಟಿಲು ಕಟ್ಟಿದ ಹಾಗೆ ಉಂಟು, ಒಬ್ಬರು ಕಾಲು ಚಾಚಿ ಕೂರಬಹುದು. ಗುಂಪಿನ ಮುಖಂಡರು ಬೆಂಗಳೂರಿನವರು. ಒಳ್ಳೆಯ ಮೀಸೆ, ಅದಕ್ಕೆ ಸರಿಯಾದ ಹೊಟ್ಟೆ.

ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ನಮ್ಮ ಕ್ರಮ. ಹೆಂಡತಿ ಅದನ್ನಿಟ್ಟು ದನದ ಹಟ್ಟಿಗೆ ಹೋದಳು.

ಮುಖಂಡರು ಬೆಲ್ಲ ಚೀಪುತ್ತ, “ಎಂಥಾ ಸಂಪ್ರದಾಯ ಸಾರ್ ನಿಮ್ದು!” ಎಂದರು. ಆಮೇಲೆ ತಲೆ ಎತ್ತಿ ಗೊನೆಗಳನ್ನು ನೋಡಿದರು. “ಇದೂ ಬಂದವರಿಗೇನಾ?”

“ಆಗಬಹುದು” ಎಂದಿತು ನನ್ನ ಬಾಯಿ.

ಮೂವತ್ತು ಜನ, ಇನ್ನೂರು ಮೈಲಿ ದೂರದಿಂದ ಬಂದ ಹಸಿವು. ನಾನು “ಅಲ್ಲ, ಅದು...” ಎಂದು ಬಾಯಿ ತೆರೆಯುವಷ್ಟರಲ್ಲಿ ಎರಡು ಗೊನೆಗಳಲ್ಲಿ ದಂಟು ಮಾತ್ರ ಉಳಿದಿತ್ತು. ಉಳಿದ ಆರನ್ನು ಸ್ವಲ್ಪ ಸ್ವಲ್ಪ ಸರಿಸಿ, ಎಂಟರ ಜಾಗ ತುಂಬುವ ಹಾಗೆ ಕಟ್ಟಿದೆ. ಅರುವತ್ತೆರಡು ವರ್ಷ ಕಾಯ್ದುಕೊಂಡು ಬಂದ ನನ್ನ ಪ್ರಾಮಾಣಿಕತೆಯನ್ನು ಹೀಗೆ ಬಾಳೆಯ ಹಗ್ಗದಲ್ಲಿ ನೇತು ಹಾಕಿದೆ.

ಕಡೆಗೆ ಬಂದವ ಗೆದ್ದ

ಸಂಜೆ ಗದ್ದೆಯಲ್ಲಿ ಪಂದ್ಯ. ಕಾಲು ನೆಲಕ್ಕೆ ತಾಗಿಸದೆ, ಎಲ್ಲಿಯೂ ನಿಲ್ಲಿಸದೆ, ಎಲ್ಲರಿಗಿಂತ ನಿಧಾನವಾಗಿ ಗೆರೆ ಮುಟ್ಟಬೇಕು. ಕಡೆಗೆ ಬಂದವನಿಗೆ ಬಹುಮಾನದ ಕಪ್ಪು.

ಇದು ಕಂಬಳದ ಊರು. ಓಡಿ ಗೆಲ್ಲುವುದನ್ನು ನೋಡಿ ಬೆಳೆದವರಿಗೆ ಈ ನಿಯಮ ತಲೆಗೆ ಹೋಗುವುದು ಹೇಗೆ? ಕೋಣ ಸಾಕುವ ನೆರೆಮನೆಯವರು ಬದುವಿನ ಮೇಲೆ ನಿಂತು, “ಬಿಡು ಮಾರಾಯ, ಬಿಡು! ಮಲಗಿದ್ದೀಯಾ?” ಎಂದು ಬೊಬ್ಬೆ ಹೊಡೆದರು. ಆ ಬೊಬ್ಬೆಗೆ ಹೆದರಿ ಒಬ್ಬ ಪಾಪದವ ಬರ್ರನೆ ಮುಂದೆ ಬಂದು ಎಲ್ಲರಿಗಿಂತ ಮೊದಲು ಗೆರೆ ದಾಟಿದ. ನೆರೆಮನೆಯವರು ಓಡಿ ಹೋಗಿ ತಮ್ಮ ಹೆಗಲ ಶಾಲು ತೆಗೆದು ಅವನಿಗೇ ಹೊದಿಸಿದರು. ಕಣ್ಣಲ್ಲಿ ನೀರು ತುಂಬಿಕೊಂಡು ಆತ, “ಹತ್ತು ವರ್ಷದಿಂದ ಸೋಲ್ತಿದ್ದೀನಿ, ಸನ್ಮಾನ ಇದೇ ಮೊದಲು” ಎಂದ.

ನಿಜವಾಗಿ ಗೆದ್ದದ್ದು ಯಾರು? ನಮ್ಮ ರಿಕ್ಷಾದವ. ಮರುದಿನ ದೇವಸ್ಥಾನಕ್ಕೆ ನಾನು ಹೇಳಿಟ್ಟಿದ್ದ ಅದೇ ರಿಕ್ಷಾದವ. ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಲು ಬಂದವನು, “ಮೂರು ಚಕ್ರ ನಮ್ಮದೂ ಉಂಟಲ್ಲ?” ಎಂದು ಪಂದ್ಯಕ್ಕೆ ಇಳಿದಿದ್ದ. ಎಲ್ಲರೂ ಗೆರೆ ಮುಟ್ಟಿ ಚಹಾ ಕುಡಿದು ಮುಗಿಸಿದರೂ ಅವನು ಕ್ಲಚ್ಚು ಹಿಡಿದುಕೊಂಡು ಗದ್ದೆಯ ನಡುವೆಯೇ ಇದ್ದ. ಗೆರೆ ಮುಟ್ಟಿದ್ದೇ ತಡ, ರಿಕ್ಷಾದ ಅಡಿಯಿಂದ ಹೊಗೆ.

ಕಪ್ಪು ಎತ್ತಿಕೊಂಡು ನನ್ನ ಹತ್ತಿರ ಬಂದ. “ಅಣ್ಣ, ಒಂದು ಸಂತೋಷದ ಸುದ್ದಿ, ಒಂದು ಬೇಸರದ್ದು. ಕಪ್ಪು ಸಿಕ್ಕಿತು. ಕ್ಲಚ್ಚು ಹೋಯಿತು.”

ಮರಳಿನ ಚೀಲ

ಆದಿತ್ಯವಾರ ಮುಹೂರ್ತದ ದಿನ. ಊರಿನ ಜೀಪು, ಕಾರು, ರಿಕ್ಷಾ ಎಲ್ಲ ಮದುವೆಗೆ ಹೋಗಿದ್ದವು. ದೇವಸ್ಥಾನ ಇರುವುದು ಬೆಳ್ತಂಗಡಿ ಕಡೆಗೆ, ಮಧ್ಯಾಹ್ನದ ಮಹಾಪೂಜೆಯ ಮೊದಲು ಮುಟ್ಟಬೇಕು. ಹೆಂಡತಿ ರೇಷ್ಮೆಯ ಪಟ್ಟೆ ಸೀರೆ ಉಟ್ಟು ಮೆಟ್ಟಿಲ ಮೇಲೆ ಕುಳಿತಿದ್ದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಸೆರಗಿನಿಂದ ಕಣ್ಣೊರೆಸಿ, “ದೇವರಿಗೆ ನಮ್ಮದು ಬೇಡವೋ ಏನೋ” ಎಂದಳು, ಅಷ್ಟೇ.

ನೀರು ಕೇಳಲು ಬಂದ ಮುಖಂಡರು ಅದನ್ನು ನೋಡಿ ವಿಷಯ ಕೇಳಿ ತಿಳಿದರು. “ಅಮ್ಮಾ, ನಾವಿಷ್ಟು ಜನ ಇದ್ದೀವಲ್ಲ!” ಎಂದವರೇ ಸೀಟಿ ಹೊಡೆದರು. ಒಂದು ಸೈಡ್‌ಕಾರಿಗೆ ಹೆಂಡತಿ, ಒಂದಕ್ಕೆ ಗೊನೆಗಳು, ಮುಖಂಡರದ್ದಕ್ಕೆ ನಾನು. ಅದರ ಸೀಟಿನಲ್ಲಿ ಒಂದು ಚೀಲ ಮರಳು ಇತ್ತು. ಅದನ್ನು ಎತ್ತಿ ಕೆಳಗಿಟ್ಟರು.

“ಇದು ಯಾಕೆ?” ಎಂದು ಕೇಳಿದೆ.

“ಸೈಡ್‌ಕಾರು ಖಾಲಿ ಇದ್ರೆ ಎಡಕ್ಕೆ ತಿರುಗಿಸೋವಾಗ ಮೇಲೆ ಎದ್ದುಬಿಡುತ್ತೆ ಸಾರ್. ಈಗ ಮರಳಿನ ಬದಲು ನೀವು. ಸುಮ್ನೆ ಕೂತಿರಿ, ಅಲ್ಲಾಡಬೇಡಿ, ಮಾತಾಡಬೇಡಿ.”

ಮೂವತ್ತೈದು ವರ್ಷ ಸಂಸಾರ ಮಾಡಿದವನಿಗೆ ಈ ಕೆಲಸ ಹೊಸತಲ್ಲ ಎಂದೆ.

ಪಂಚೆ, ಶಾಲು, ಹಣೆಯಲ್ಲಿ ಗಂಧ, ಅದರ ಮೇಲೆ ಹೆಲ್ಮೆಟ್ಟು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜಿನ ಮಕ್ಕಳು ಫೋಟೋ ತೆಗೆದರು. ಹಿಂದೆ ಮುಂದೆ ಬೈಕುಗಳ ಮೆರವಣಿಗೆ ನೋಡಿ ಒಬ್ಬ ಹಿರಿಯರು ಚಪ್ಪಲಿ ಕಳಚಿ ಕೈ ಮುಗಿದರು. ಅಲ್ಲಾಡಬಾರದೆಂಬ ಅಪ್ಪಣೆ ಇತ್ತಲ್ಲ, ನಾನು ಕಣ್ಣಿನಲ್ಲೇ ಆಶೀರ್ವಾದ ಮಾಡಿದೆ.

ತಕ್ಕಡಿ

ಮುಟ್ಟುವಾಗ ಮಹಾಪೂಜೆಗೆ ಸ್ವಲ್ಪವೇ ಹೊತ್ತು ಇತ್ತು. ಹೆಲ್ಮೆಟ್ಟು, ಅಂಗಿ ತೆಗೆದಿಟ್ಟು ತಕ್ಕಡಿಯ ಒಂದು ತಟ್ಟೆಯಲ್ಲಿ ಕುಳಿತೆ. ಇನ್ನೊಂದಕ್ಕೆ ಅರ್ಚಕರು ಹಣ್ಣು ಇಟ್ಟರು. ಒಂದು ಗೊನೆ, ಎರಡು, ಮೂರು... ಆರು. ನನ್ನ ತಟ್ಟೆ ನೆಲ ಬಿಡಲಿಲ್ಲ.

ಹೆಂಡತಿ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. “ಇವರೇ, ಎರಡು ಗೊನೆ ಎಲ್ಲಿ?”

ದೇವರ ಎದುರು ಸುಳ್ಳು ಹೇಳಲಿಕ್ಕೆ ಉಂಟಾ? ಹೇಳಿದೆ. ಮುಖಂಡರ ಮುಖ ಬೆಳ್ಳಗಾಯಿತು. “ಅಯ್ಯೋ, ನಾವು ತಿಂದಿದ್ದು ದೇವರ ಹಣ್ಣಾ?” ಕೂಡಲೇ ಇಬ್ಬರನ್ನು ಎದುರಿನ ಅಂಗಡಿಗೆ ಓಡಿಸಿದರು.

ಅರ್ಚಕರು ವಿನೋದದ ಮನುಷ್ಯ. “ಗಾಬರಿ ಬೇಡ. ಹಣ್ಣು ಎಲ್ಲಿಗೂ ಹೋಗಲಿಲ್ಲ, ನಿಮ್ಮ ಹೊಟ್ಟೆಯಲ್ಲೇ ಉಂಟಲ್ಲ?” ಎಂದು ನಕ್ಕರು.

ಬೆಂಗಳೂರಿನ ಮುಖಂಡರಿಗೆ ಅದು ತಮಾಷೆ ಎಂದು ತಿಳಿಯಲಿಲ್ಲ. ಶಾಸ್ತ್ರವೇ ಹೀಗಿರಬೇಕೆಂದು ಭಾವಿಸಿ, ಭಕ್ತಿಯಿಂದ ಕಣ್ಣು ಮುಚ್ಚಿ, ಕೈ ಮುಗಿದು, ಹಣ್ಣಿನ ತಟ್ಟೆಯ ಅಂಚಿನಲ್ಲಿ ಕುಳಿತುಬಿಟ್ಟರು.

ಖಾಲಿ ಸೈಡ್‌ಕಾರು ಎಡಕ್ಕೆ ತಿರುಗುವಾಗ ಏನಾಗುತ್ತದೆಂದು ಆಗ ನನಗೆ ಪೂರ್ತಿ ಅರ್ಥವಾಯಿತು. ಕೆಳಗಿನಿಂದ “ಅಲ್ಲಾಡಬೇಡಿ ಸಾರ್!” ಎಂದು ಕೇಳುವುದರೊಳಗೆ ನನ್ನ ತಲೆ, ಮೇಲೆ ತೂಗುತ್ತಿದ್ದ ದೊಡ್ಡ ಗಂಟೆಗೆ ಹೊಡೆದಿತ್ತು. ಢಣ್!

ಹೊರಗಿದ್ದ ನಗಾರಿಯವನು ಮಹಾಪೂಜೆ ಸುರುವಾಯಿತೆಂದು ಬಾರಿಸತೊಡಗಿದ. ಅಂಗಣದಲ್ಲಿದ್ದವರೆಲ್ಲ ಎದ್ದು ಕೈ ಮುಗಿದರು. ಅವರು ಎದುರಿಗೆ ನೋಡಿದರೆ, ದೇವರಿಗೂ ಗಂಟೆಗೂ ನಡುವೆ ನೇತಾಡುತ್ತಿದ್ದವ ನಾನು.

ಅಷ್ಟರಲ್ಲಿ ಅಂಗಡಿಯಿಂದ ಎರಡು ಗೊನೆ ಬಂದವು. ಮುಖಂಡರನ್ನು ಇಳಿಸಿ ಅವನ್ನಿಟ್ಟಾಗ ತಟ್ಟೆಗಳು ಮೆಲ್ಲನೆ ಸಮವಾಗಿ ನಿಂತವು. ಹೆಂಡತಿ ಕಣ್ಣು ಮುಚ್ಚಿ ನಿಂತಿದ್ದಳು, ಈ ಸಲ ಕಣ್ಣೊರೆಸಲಿಲ್ಲ. ಗುರುತು ಪರಿಚಯವಿಲ್ಲದ ಮೂವತ್ತು ಜನರನ್ನು ಸಮಯಕ್ಕೆ ಸರಿಯಾಗಿ ಗದ್ದೆಗೆ ಇಳಿಸಿದ ಆ ದೇವರಿಗೆ ನಾನು ತಲೆ ಸವರಿಕೊಳ್ಳುತ್ತಲೇ ಅಡ್ಡಬಿದ್ದೆ.

ಸಂಜೆ ಡೇರೆ ಮಡಚಿ ಹೊರಡುವಾಗ ಮುಖಂಡರು ಆ ಹೆಲ್ಮೆಟ್ಟನ್ನು ನನ್ನ ಕೈಯಲ್ಲಿಟ್ಟು, “ನಮ್ಮ ನೆನಪಿಗೆ ಇರಲಿ ಸಾರ್” ಎಂದರು. ನಮ್ಮಲ್ಲಿ ಬೈಕು ಇಲ್ಲವಲ್ಲ, ಇದು ಯಾಕೆ ಎಂದು ನಾನು ಸಂಕೋಚಪಟ್ಟೆ.

ಹೆಂಡತಿ ನನ್ನ ತಲೆಯ ಬುಗುಟನ್ನು ಒಮ್ಮೆ ನೋಡಿದಳು. ಹೆಲ್ಮೆಟ್ಟನ್ನು ತೆಗೆದುಕೊಂಡು ಒಳಗೆ ನಡೆದಳು.

“ಇರಲಿ, ಇನ್ನೊಂದು ತುಲಾಭಾರ ಬಂದರೆ ಬೇಕಾಗ್ತದೆ.”